ಕಕ್ಕಡ 18ರ ಕೆಂಪು ಅಂತ ಎರಡು ದಿನ ಸುಮ್ನಿದ್ದೆ

ಹೋದ ವರ್ಷ ಆಗಸ್ಟ್ 4ನೇ ತಾರೀಕು ಬೆಳಿಗ್ಗೆ ನಂಗೆ ಮೂತ್ರ ಕೆಂಪಗೆ ಹೋಯ್ತು. ಕೊಡಗಿನವರಿಗೆ ಇದನ್ನ ಬಿಡಿಸಿ ಹೇಳೋದೇ ಬೇಡ, ಹಿಂದಿನ ದಿನ ಕಕ್ಕಡ 18, ಅಂದ್ರೆ ನಮ್ಮ ಕೊಡವ ಲೆಕ್ಕದ ಕಕ್ಕಡ ತಿಂಗಳ 18ನೇ ದಿನ, ಮನೆಮನೇಲೂ ಮದ್ದುಸೊಪ್ಪಿನ ಪಾಯಸ, ಅದನ್ನ ತಿಂದೋರಿಗೆಲ್ಲಾ ಮಾರನೇ ದಿನ ಕೆಂಪಗೇ ಹೋಗೋದು. ಬೇರೆ ಊರಿನವರಿಗೆ ಗೊತ್ತಿಲ್ದಿದ್ರೆ, ಇದು ತೋಟದ ಬೇಲಿ ಪಕ್ಕ ಬೆಳೆಯೋ ಒಂದು ಗಿಡ, ಸೊಪ್ಪು ಕುದಿಸಿದ್ರೆ ನೀರು ನೇರಳೆ ಬಣ್ಣಕ್ಕೆ ತಿರುಗತ್ತೆ, ಆ ನೀರಲ್ಲಿ ಅಕ್ಕಿ ಬೇಯಿಸಿ ಬೆಲ್ಲ ಕಾಯಿಹಾಲು ಹಾಕಿ ಪಾಯಸ ಮಾಡ್ತೀವಿ. ಆ ಒಂದು ದಿನ ಸೊಪ್ಪಲ್ಲಿ 18 ಥರದ ಮದ್ದು ಸೇರಿರತ್ತೆ ಅಂತ ಹಿರಿಯರ ಮಾತು. ಚಿಕ್ಕವರಿದ್ದಾಗ ಯಾರದ್ದು ಎಷ್ಟು ಕೆಂಪು ಅಂತ ನಾವು ಅಕ್ಕತಂಗಿಯರು ಕೇಳ್ಕೊತಾ ಇದ್ವಿ.

ಹಾಗಾಗಿ ಆ ಕೆಂಪು ನೋಡಿ ನಂಗೆ ಒಂದು ಚೂರೂ ಭಯ ಆಗ್ಲಿಲ್ಲ. 5ನೇ ತಾರೀಕಿಗೆ ಮನೇಲಿ ಬಾಕಿಯವರಿಗೆಲ್ಲಾ ಸರಿಯಾಗಿತ್ತು, ನಂದು ಮಾತ್ರ ಮಾಂಸ ತೊಳೆದ ನೀರಿನ ಥರ ಇತ್ತು, ಜೊತೆಗೆ ಉರಿ, ಹತ್ತು ನಿಮಿಷಕ್ಕೊಂದು ಸಲ ಹೋಗ್ಬೇಕು ಅನ್ಸೋದು, ಹೋದ್ರೆ ನಾಲ್ಕು ಹನಿ. ಎರಡು ಬಟ್ಟಲು ಪಾಯಸ ತಿಂದಿದ್ದೆ ಅದಕ್ಕೇ ಇರ್ಬೇಕು ಅಂದ್ಕೊಂಡು ಸುಮ್ನಾದೆ. ಆ ಸುಮ್ನಾಗಿದ್ದು ನಂಗೆ ಏಳು ದಿನದ ಇಂಜೆಕ್ಷನ್ ತನಕ ತಂದು ನಿಲ್ಲಿಸ್ತು, ಅದಕ್ಕೇ ಇದನ್ನ ಮುಚ್ಚುಮರೆ ಇಲ್ದೆ ಬರೀತಿದ್ದೀನಿ. ಹೆಂಗಸರು ನಾವು ಹಲ್ಲುನೋವು ತಲೆನೋವು ಎಲ್ಲಾ ಹೇಳ್ಕೋತೀವಿ, ಈ ಒಂದು ಜಾಗದ ಉರಿಯನ್ನ ಮಾತ್ರ ನುಂಗ್ಕೋತೀವಿ.

ಇದು ಶುರುವಾಗಿದ್ದು ಆಗಸ್ಟಲ್ಲಿ ಅಲ್ಲ, ಅದೇ ವರ್ಷ ಜನವರಿಲಿ. ನಮ್ದು ಚೆಟ್ಟಳ್ಳಿ ಕಡೆ ಸಣ್ಣ ತೋಟ, ರೊಬಸ್ಟಾ, ಮಧ್ಯೆ ಕರಿಮೆಣಸು. ಕಾಫಿ ಕುಯ್ಯೋ ಕಾಲದಲ್ಲಿ ಹತ್ತು ಹನ್ನೆರಡು ಹೆಂಗಸರು ಕೆಲ್ಸಕ್ಕೆ ಬರ್ತಾರೆ, ಬೆಳಿಗ್ಗೆ 8 ಗಂಟೆಗೆ ನಾನೂ ಅವರ ಜೊತೆ ತೋಟಕ್ಕಿಳಿದ್ರೆ ಮತ್ತೆ ಮೇಲೆ ಬರೋದು ಸಂಜೆ ಚೀಲ ತೂಕ ಹಾಕೋ ಹೊತ್ತಿಗೆ. ತೋಟದಲ್ಲಿ ಎಲ್ಲೂ ಒಂದು ಮರೆ ಇಲ್ಲ, ಗಂಡಸರು ಎಲ್ಲಾ ಕಡೆ ಓಡಾಡ್ತಿರ್ತಾರೆ. ಹಾಗಾಗಿ ನೀರು ಕುಡಿದ್ರೆ ತಾನೇ ಹೋಗ್ಬೇಕು ಅನ್ನೋ ಲೆಕ್ಕ. ಬೆಳಿಗ್ಗೆ ಒಂದು ಲೋಟ ಕಾಫಿ, ಮಧ್ಯಾಹ್ನ ಊಟಕ್ಕೆ ಅರ್ಧ ಲೋಟ ನೀರು, ಅಷ್ಟೇ. ನಾನು ಮಾತ್ರ ಅಲ್ಲ, ಜೊತೇಲಿದ್ದ ಹೆಂಗಸರೆಲ್ಲಾ ಹಂಗೇ ಮಾಡೋದು, ಮಾತಾಡ್ಕೊಳ್ಳದೇನೇ ಎಲ್ರೂ ಒಂದೇ ಉಪಾಯ.

ರಾತ್ರಿದು ಇನ್ನೊಂದು ಕಥೆ. ನಮ್ಮ ಹಳೇ ಮನೇಲಿ ಕಕ್ಕಸು ಹೊರಗೆ, ಹಿತ್ತಲಲ್ಲಿ ಇಪ್ಪತ್ತು ಹೆಜ್ಜೆ ದೂರ. ಕೇಳಕ್ಕೆ ಇಪ್ಪತ್ತೇ ಹೆಜ್ಜೆ, ಆದ್ರೆ ಆನೆ ಇರೋ ಜಾಗ. ಹಲಸು ಹಣ್ಣಾಗೋ ಕಾಲದಲ್ಲಂತೂ ದಿನಾ ಬರ್ತವೆ, ಒಂದು ಸಲ ಬಾಗಿಲು ತೆಗೆದಾಗ ಟಾರ್ಚ್ ಬೆಳಕಲ್ಲಿ ನೀರಿನ ಟ್ಯಾಂಕ್ ಪಕ್ಕ ಬೂದಿ ಬಣ್ಣದ ಗೋಡೆ ಥರ ನಿಂತಿತ್ತು, ಕಿವಿ ಬೀಸಿದ ಸದ್ದು ಕೇಳಿದ ಮೇಲೇ ಆನೆ ಅಂತ ಗೊತ್ತಾಗಿದ್ದು. ಅವತ್ತಿಂದ ರಾತ್ರಿ 9 ಗಂಟೆಯಿಂದ ಬೆಳಿಗ್ಗೆ 6ರ ತನಕ ಏನೇ ಆದ್ರೂ ತಡ್ಕೊಳ್ಳೋದು ರೂಢಿ ಆಗಿಹೋಯ್ತು. ಹಗಲು ಎಂಟು ಗಂಟೆ, ರಾತ್ರಿ ಒಂಬತ್ತು ಗಂಟೆ. ಮೂತ್ರ ಅಷ್ಟೊತ್ತು ಒಳಗೇ ನಿಂತ್ರೆ ಒಂದೆರಡು ಒಳಗೆ ಸೇರಿದ ರೋಗಾಣು ಅಲ್ಲೇ ಬೆಳೆಯಕ್ಕೆ ಬಿಟ್ಟಂಗೆ ಅಂತ ನಂಗೆ ಆಗ ಯಾರು ಹೇಳಿದ್ರು?

ಜನವರಿ ಕೊನೇಲಿ ಮೊದಲನೇ ಸಲ ಉರಿ ಬಂತು. ಅತ್ತೆ "ಉಷ್ಣ ಆಗಿದೆ, ಬಾರ್ಲಿ ನೀರು ಕುಡಿ, ಜೀರಿಗೆ ನೆನೆಸಿ ಕುಡಿ" ಅಂದ್ರು. ಕುಡಿದೆ, ಸ್ವಲ್ಪ ಹಿತ ಅನ್ಸಿತು, ಹೋಗ್ಲಿಲ್ಲ. ನಮ್ಮನೆಯವರು ಪೇಟೆಗೆ ಹೋದಾಗ ಒಂದು ಮೆಡಿಕಲಲ್ಲಿ ಕೇಳಿ ಮಾತ್ರೆ ತಂದ್ರು, ನಾರ್‌ಫ್ಲಾಕ್ಸಾಸಿನ್ ಅನ್ನೋ ಆ್ಯಂಟಿಬಯಾಟಿಕ್, ಜೊತೆಗೆ ಒಂದು ಸಿರಪ್ಪು. ಚೀಟಿ ಇಲ್ಲ, ಟೆಸ್ಟ್ ಇಲ್ಲ. ನಾಲ್ಕು ಮಾತ್ರೆಗೆ ಉರಿ ಕಮ್ಮಿ ಆಯ್ತು, ಉಳಿದಿದ್ದನ್ನ ಇನ್ನೊಂದು ಸಲಕ್ಕೆ ಆಗತ್ತೆ ಅಂತ ಡಬ್ಬಿಯಲ್ಲಿ ಹಾಕಿಟ್ಟೆ. ಮಾರ್ಚಲ್ಲಿ ಮತ್ತೆ ಬಂತು, ಡಬ್ಬಿಯಿಂದ ತೆಗೆದು ನುಂಗಿದೆ.

ಜೂನಲ್ಲಿ ಮೂರನೇ ಸಲ ಬಂದಾಗ ಒಬ್ರು ಡಾಕ್ಟ್ರು ಹತ್ರ ಹೋದೆ, ಅವರು ಯೂರಿನ್ ಕಲ್ಚರ್, ಅಂದ್ರೆ ಮೂತ್ರದಲ್ಲಿರೋ ರೋಗಾಣು ಬೆಳೆಸಿ ನೋಡೋ ಟೆಸ್ಟ್, ಮಾಡ್ಸಿ ಅಂತ ಬರ್ಕೊಟ್ರು. ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಬಂದ್ರೆ ಅದನ್ನ ಪದೇ ಪದೇ ಬರೋ ಇನ್ಫೆಕ್ಷನ್ ಅಂತ ಲೆಕ್ಕ ಹಾಕ್ತಾರಂತೆ, ಹಂಗೆ ಬರೋರಿಗೆ ಕಲ್ಚರ್ ಬೇಕೇ ಬೇಕು. ಆದ್ರೆ ಸ್ಯಾಂಪಲ್ ಹೆಂಗೆ ಹಿಡೀಬೇಕು ಅಂತ ನಾನು ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ. ಮನೇಲಿದ್ದ ಉಪ್ಪಿನಕಾಯಿ ಬಾಟ್ಲಿ ತೊಳೆದು, ಬೆಳಿಗ್ಗೆ ಮೊದಲನೇ ಧಾರೆಯಿಂದಲೇ ಹಿಡಿದು, ಬ್ಯಾಗಲ್ಲಿ ಹಾಕ್ಕೊಂಡು ಬಸ್ಸಿಗೆ ಕಾದು, ಮಡಿಕೇರಿಗೆ ಹೋಗಿ ಮೊದಲು ಸಂತೆ ಮುಗಿಸಿ ಆಮೇಲೆ ಲ್ಯಾಬಿಗೆ ಕೊಟ್ಟೆ, ಅಷ್ಟೊತ್ತಿಗೆ ನಾಲ್ಕು ಗಂಟೆ ಕಳೆದಿತ್ತು. ರಿಪೋರ್ಟಲ್ಲಿ ಮಿಕ್ಸೆಡ್ ಗ್ರೋತ್, ಕಂಟಾಮಿನೇಷನ್ ಇರಬಹುದು, ಮತ್ತೆ ಸ್ಯಾಂಪಲ್ ಕಳಿಸಿ ಅಂತ ಬಂತು. ಅಂದ್ರೆ ಚರ್ಮದ ಮೇಲಿನ, ಬಾಟ್ಲಿಯ ರೋಗಾಣು ಎಲ್ಲಾ ಸೇರಿ ಬೆಳೆದುಬಿಟ್ಟಿವೆ, ಯಾವುದು ಒಳಗಿನದ್ದು ಅಂತ ಹೇಳಕ್ಕಾಗಲ್ಲ ಅಂತ ಅರ್ಥ. ನಾನು ಅದನ್ನ ಏನೂ ಇಲ್ಲ ಅಂತ ಓದ್ಕೊಂಡೆ. ಅಷ್ಟರಲ್ಲಿ ಮಳೆ ಶುರುವಾಯ್ತು, ಮತ್ತೆ ಹೋಗ್ಲಿಲ್ಲ.

ಮಳೆಗಾಲದಲ್ಲಿ ಇನ್ನೊಂದು ಮೋಸ ಇದೆ. ಜೂನ್ ಜುಲೈ ಚಳಿಗೆ ಬಾಯಾರಿಕೆನೇ ಆಗಲ್ಲ, ಇಡೀ ದಿನ ಕಾಫಿ ಕುಡ್ಕೊಂಡು ಒಲೆ ಮುಂದೆ ಕೂತಿರ್ತೀವಿ, ಖಾಲಿ ನೀರು ಅಂತ ಒಂದು ಲೋಟನೂ ಹೋಗಿರಲ್ಲ.

5ನೇ ತಾರೀಕು ರಾತ್ರಿ 11 ಗಂಟೆ ಹೊತ್ತಿಗೆ ಚಳಿ ಜ್ವರ ಬಂತು. ಚಳಿ ಅಂದ್ರೆ ಮೂರು ಕಂಬಳಿ ಹೊದ್ಸಿದ್ರೂ ಹಲ್ಲು ಕಟಕಟ ಅನ್ನೋದು ನಿಲ್ತಿರಲಿಲ್ಲ, ಮಂಚದ ಪಕ್ಕ ಇಟ್ಟಿದ್ದ ಸ್ಟೀಲ್ ಚೊಂಬು ಹಿಡ್ಕೊಂಡ್ರೆ ಅದೂ ನನ್ನ ಜೊತೆ ನಡುಗ್ತಿತ್ತು. ಬಲಗಡೆ ಬೆನ್ನು, ಪಕ್ಕೆಲುಬು ಮುಗಿಯೋ ಜಾಗದಲ್ಲಿ, ಯಾರೋ ಗುದ್ದಿದ ಹಂಗೆ ನೋವು. ಎರಡು ಸಲ ವಾಂತಿ. ಹೊರಗೆ ಜೋರು ಗಾಳಿ ಮಳೆ, ಕರೆಂಟ್ ಇಲ್ಲ, ರಸ್ತೇಲಿ ಮರ ಬಿದ್ದಿದೆ ಅಂತ ಸುದ್ದಿ. ಬೆಳಕು ಹರಿಯೋ ತನಕ ಅತ್ತೆ ನನ್ನ ಕೈ ಹಿಡ್ಕೊಂಡು ಕೂತಿದ್ರು, ಒಂದು ಮಾತೂ ಆಡ್ಲಿಲ್ಲ, ಒದ್ದೆ ಬಟ್ಟೆ ಬದಲಾಯಿಸ್ತಾನೇ ಇದ್ರು. ಬೆಳಿಗ್ಗೆ ಪಕ್ಕದ ತೋಟದವರು ಮರ ಕುಯ್ದು ದಾರಿ ಬಿಡಿಸಿದ ಮೇಲೆ ಅವರದ್ದೇ ಜೀಪಲ್ಲಿ ಮಡಿಕೇರಿ ಆಸ್ಪತ್ರೆಗೆ ಹೋದ್ವಿ, ಪ್ರತಿ ತಿರುವಲ್ಲೂ ಬೆನ್ನಲ್ಲಿ ಜೀವ ಹೋದಂಗಾಗ್ತಿತ್ತು.

ಅಲ್ಲಿ ನೋಡಿದ ಲೇಡಿ ಡಾಕ್ಟ್ರು ಮೊದಲು ಕೇಳಿದ ಪ್ರಶ್ನೆನೇ "ಮದ್ದುಸೊಪ್ಪು ತಿಂದಿದ್ರಾ ಅಮ್ಮ?" ಅಂತ. ಹೂಂ ಅಂದೆ. "ಎಷ್ಟು ದಿನ ಆಯ್ತು?" ಮೂರು ದಿನ ಅಂದೆ. ಅವರು ಬೆನ್ನಿನ ಬಲಗಡೆ ಮೆಲ್ಲಗೆ ತಟ್ಟಿದ್ರು, ನಾನು ಕಿರುಚಿಬಿಟ್ಟೆ. ಸೊಪ್ಪಿನ ಬಣ್ಣ ಒಂದೆರಡು ದಿನಕ್ಕೆ ಹೋಗ್ಬೇಕು, ಸೊಪ್ಪಿಗೆ ಉರಿ ಬರಲ್ಲ ಜ್ವರ ಬರಲ್ಲ, ಬಣ್ಣ ನೋಡಿ ಯಾವುದನ್ನೂ ತೀರ್ಮಾನ ಮಾಡಕ್ಕಾಗಲ್ಲ, ಮೈಕ್ರೋಸ್ಕೋಪಲ್ಲಿ ನೋಡ್ಬೇಕು ಅಂದ್ರು. ನೋಡಿದ್ರೆ ರಕ್ತದ ಕಣ ತುಂಬಾ ಇತ್ತು, ಪಸ್ ಸೆಲ್ಸ್ ಅಂದ್ರೆ ಕೀವಿನ ಕಣ ಎಣಿಸಕ್ಕಾಗದಷ್ಟು. ಮೂತ್ರಕೋಶದಲ್ಲಿದ್ದ ಇನ್ಫೆಕ್ಷನ್ ಮೇಲಕ್ಕೆ ಹತ್ತಿ ಕಿಡ್ನಿಗೆ ಹೋಗಿದೆ ಅಂದ್ರು. ಬರೀ ಉರಿ, ಪದೇ ಪದೇ ಹೋಗೋದು, ಕೆಳಹೊಟ್ಟೆ ನೋವು ಇದ್ರೆ ಅದು ಮೂತ್ರಕೋಶದ ಮಟ್ಟಿಗೆ. ಚಳಿ ಜ್ವರ, ಪಕ್ಕೆ ನೋವು, ವಾಂತಿ ಸೇರ್ಕೊಂಡ್ರೆ ಅದು ಕಿಡ್ನಿ, ಅವತ್ತೇ ಆಸ್ಪತ್ರೆ, ನಾಳೆ ನೋಡೋಣ ಅನ್ನೋ ಮಾತೇ ಇಲ್ಲ.

ಮೊದಲನೇ ಇಂಜೆಕ್ಷನ್ ಕೊಡೋ ಮುಂಚೆ ಸ್ಯಾಂಪಲ್ ತಗೊಂಡ್ರು. ಔಷಧ ಒಳಗೆ ಹೋದ ಮೇಲೆ ತಗೊಂಡ್ರೆ ರೋಗಾಣು ಬೆಳೆಯದೇನೂ ಇರಬಹುದು. ನರ್ಸ್ ಒಬ್ಬರು, ನನ್ನ ಮಗಳ ವಯಸ್ಸು, ಬಾಗಿಲ ಹೊರಗೆ ನಿಂತು ಒಂದೊಂದೇ ಹೇಳ್ಕೊಟ್ರು. ಕೈ ಸೋಪಲ್ಲಿ ತೊಳ್ಕೊಳ್ಳಿ, ಆ ಜಾಗನ ನೀರಲ್ಲಿ ಮುಂದಿನಿಂದ ಹಿಂದಕ್ಕೆ ತೊಳೀರಿ, ಡಬ್ಬಿ ಮುಚ್ಚಳ ತೆಗೆದಾಗ ಒಳಗಡೆ ಬೆರಳು ತಾಗಿಸ್ಬೇಡಿ, ಮುಚ್ಚಳನ ಬೋರಲು ಇಡ್ಬೇಡಿ. ಮೊದಲು ಸ್ವಲ್ಪ ಹೋಗಕ್ಕೆ ಬಿಡಿ, ಮಧ್ಯದ ಧಾರೆ ಡಬ್ಬಿಗೆ ಹಿಡೀರಿ, ಕೊನೇದು ಮತ್ತೆ ಕೆಳಗೆ ಬಿಡಿ. ಆ ಜ್ವರದಲ್ಲಿ ಒಂದು ಕೈ ಗೋಡೆಗೆ ಒತ್ಕೊಂಡು ಇದನ್ನೆಲ್ಲಾ ಮಾಡಿದೆ. ಎರಡು ಗಂಟೆ ಒಳಗೆ ಲ್ಯಾಬಿಗೆ ತಲುಪ್ಬೇಕಂತೆ, ಆಗಲ್ಲ ಅಂದ್ರೆ ಫ್ರಿಡ್ಜಲ್ಲಿ ಇಡ್ಬೇಕು. ನನ್ನ ಜೂನ್ ತಿಂಗಳ ಉಪ್ಪಿನಕಾಯಿ ಬಾಟ್ಲಿ ನೆನಪಾಗಿ ಕಣ್ಣಲ್ಲಿ ನೀರು ಬಂತು, ಅವತ್ತೇ ಇಷ್ಟು ಗೊತ್ತಿದ್ದಿದ್ರೆ ಅಂತ.

ಕಲ್ಚರ್ ಅಂದ್ರೆ ಏನು ಅಂತಾನೂ ಅವತ್ತೇ ಸರಿಯಾಗಿ ತಿಳೀತು. ತಟ್ಟೇಲಿ ಹಾಕಿ ಬೆಳೆಸ್ತಾರೆ, ಯಾವ ರೋಗಾಣು ಅಂತ ಗುರುತು ಹಿಡೀತಾರೆ, ಆಮೇಲೆ ಒಂದೊಂದು ಔಷಧ ತಾಗಿಸಿ ಯಾವುದಕ್ಕೆ ಸಾಯತ್ತೆ ಯಾವುದಕ್ಕೆ ಸಾಯಲ್ಲ ಅಂತ ನೋಡ್ತಾರೆ, ಹಾಗಾಗಿ ಎರಡು ಮೂರು ದಿನ ಬೇಕು. ಅಲ್ಲೀವರೆಗೆ ಅಂದಾಜಿನ ಮೇಲೆ ಒಂದು ಇಂಜೆಕ್ಷನ್ ಶುರು ಮಾಡಿದ್ರು. ಎರಡು ದಿನ ಆದ್ರೂ ಜ್ವರ ಇಳೀಲಿಲ್ಲ. ಮೂರನೇ ದಿನ ರಿಪೋರ್ಟ್ ಬಂತು: ಇ. ಕೋಲಿ, ಒಂದು ಎಂಎಲ್‌ಗೆ 1 ಲಕ್ಷಕ್ಕಿಂತ ಜಾಸ್ತಿ. ಕೆಳಗೆ ಔಷಧಗಳ ಪಟ್ಟಿ, ಪಕ್ಕದಲ್ಲಿ ಎಸ್ ಅಥವಾ ಆರ್. ಎಸ್ ಅಂದ್ರೆ ಕೆಲ್ಸ ಮಾಡತ್ತೆ, ಆರ್ ಅಂದ್ರೆ ಬಗ್ಗಲ್ಲ. ನಾನು ಡಬ್ಬಿಯಿಂದ ತೆಗೆದು ನುಂಗ್ತಿದ್ದ ನಾರ್‌ಫ್ಲಾಕ್ಸಾಸಿನ್ ಮುಂದೆ ಆರ್. ಅದರ ಅಣ್ಣತಮ್ಮ ಸಿಪ್ರೋಫ್ಲಾಕ್ಸಾಸಿನ್ ಮುಂದೆ ಆರ್. ಎರಡು ದಿನದಿಂದ ಕೊಡ್ತಿದ್ದ ಇಂಜೆಕ್ಷನ್ ಮುಂದೇನೂ ಆರ್.

ಅವತ್ತೇ ಅಮಿಕಾಸಿನ್ ಅನ್ನೋ ಇನ್ನೊಂದು ಇಂಜೆಕ್ಷನ್‌ಗೆ ಬದಲಾಯಿಸಿದ್ರು, ಅದು ಕಿಡ್ನಿಗೂ ಕಿವಿಗೂ ಸ್ವಲ್ಪ ಕಠಿಣ ಅಂತ ರಕ್ತದಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೆಂಗೆ ಕೆಲ್ಸ ಮಾಡ್ತಿದೆ ಅಂತ ತೋರ್ಸೋದು) ನೋಡಿ ಕೊಟ್ರು. ಮಾರನೇ ದಿನ ಸಂಜೆಗೆ ಜ್ವರ ಬಿಡ್ತು, ಗಂಜಿ ರುಚಿ ಅನ್ಸಿತು. ಪಟ್ಟೀಲಿ ನೈಟ್ರೋಫ್ಯುರಾಂಟೊಯಿನ್ ಅನ್ನೋ ಮಾತ್ರೆ ಮುಂದೆ ಎಸ್ ಇತ್ತು, ನಾನು "ಡಾಕ್ಟ್ರೇ ಇದೇ ಮಾತ್ರೆ ಕೊಟ್ರೆ ಮನೆಗೆ ಹೋಗ್ಬಹುದಲ್ವಾ" ಅಂತ ಕೇಳ್ದೆ. ಅದು ಮೂತ್ರದಲ್ಲಿ ಮಾತ್ರ ಸೇರ್ಕೊಳ್ಳೋ ಔಷಧ, ಮೂತ್ರಕೋಶಕ್ಕೆ ಒಳ್ಳೇದು, ಕಿಡ್ನಿಯ ಒಳಗೆ ಸಾಕಾಗುವಷ್ಟು ಹೋಗಲ್ಲ, ಎಸ್ ಅಂತ ಇದ್ರೂ ಇವತ್ತು ನಿಮಗೆ ಅದಲ್ಲ ಅಂದ್ರು. ಹಾಗಾಗಿ ರಿಪೋರ್ಟ್ ಹಿಡ್ಕೊಂಡು ಎಸ್ ಇರೋ ಮಾತ್ರೆ ನಾವೇ ಆರ್ಸೋದೂ ತಪ್ಪು.

ಅಮಿಕಾಸಿನ್ ಒಟ್ಟು ಏಳು ದಿನ. ಕೊನೇ ಮೂರು ಇಂಜೆಕ್ಷನ್ ಊರಿನ ಹತ್ರದ ಆರೋಗ್ಯ ಕೇಂದ್ರದಲ್ಲೇ ಹಾಕಿಸ್ಕೊಂಡೆ. ಸ್ಕ್ಯಾನಿಂಗಲ್ಲಿ ಕಲ್ಲು ಇರಲಿಲ್ಲ, ಮೂತ್ರಕೋಶ ಪೂರ್ತಿ ಖಾಲಿ ಆಗತ್ತಾ ಅಂತಾನೂ ನೋಡಿದ್ರು, ಆಗ್ತಿತ್ತು. ಶುಗರ್ ಇಲ್ಲ. ಹಾಗಾದ್ರೆ ಯಾಕೆ ಬರತ್ತೆ ಅಂತ ಕೇಳಿದ್ದಕ್ಕೆ ಡಾಕ್ಟ್ರು ನನ್ನ ಒಂದು ದಿನದ ದಿನಚರಿ ಕೇಳಿದ್ರು, ಎಷ್ಟೊತ್ತಿಗೆ ಏಳ್ತೀರಿ, ಎಷ್ಟು ಲೋಟ ನೀರು, ಎಷ್ಟು ಸಲ ಹೋಗ್ತೀರಿ. ಹೇಳ್ತಾ ಹೇಳ್ತಾ ನಂಗೇ ಉತ್ತರ ಸಿಕ್ತು. ಈ ಇ. ಕೋಲಿ ಎಲ್ಲಿಂದಲೋ ಬರೋದಲ್ಲ, ನಮ್ಮ ಕರುಳಲ್ಲೇ ಇರೋದು. ಹೆಂಗಸರಿಗೆ ಮೂತ್ರ ಹೋಗೋ ನಾಳ 4 ಸೆಂಟಿಮೀಟರ್ ಅಷ್ಟೇ, ಗಂಡಸರಿಗೆ ಅದರ ನಾಲ್ಕೈದು ಪಟ್ಟು ಉದ್ದ. ಅಷ್ಟು ಸಣ್ಣ ದಾರೀಲಿ ಹತ್ತಿ ಬರೋದನ್ನ ಹೊರಗೆ ತಳ್ಳಕ್ಕೆ ಇರೋದು ಮುಖ್ಯವಾಗಿ ಮೂತ್ರದ ಧಾರೆ, ಅದನ್ನೇ ನಾನು ಹದಿನೇಳು ಗಂಟೆ ಕಟ್ಟಿಹಾಕಿದ್ದೆ. ಅತ್ತೆ ಹೇಳೋ ಉಷ್ಣ ಪೂರ್ತಿ ಸುಳ್ಳೂ ಅಲ್ಲ, ನೀರು ಕಮ್ಮಿ ಆದ್ರೆ ಉರಿ ಬರತ್ತೆ ಅನ್ನೋದು ಅವರ ಅನುಭವ, ಬಾರ್ಲಿ ನೀರು ಜಾಸ್ತಿ ಕುಡಿ ಅನ್ನೋದೂ ಒಳ್ಳೇದೇ. ಆದ್ರೆ ರೋಗಾಣು ಒಳಗೆ ಗಟ್ಟಿಯಾಗಿ ಕೂತ ಮೇಲೆ ಬಾರ್ಲಿ ನೀರು ಅದನ್ನ ಎಬ್ಬಿಸಲ್ಲ.

ನೀರಿನ ವಿಷಯಕ್ಕೆ ಒಂದು ಅಧ್ಯಯನ ಇದೆ, 2018ರಲ್ಲಿ ಬಂದಿದ್ದು. ಪದೇ ಪದೇ ಈ ಇನ್ಫೆಕ್ಷನ್ ಬರ್ತಿದ್ದ, ದಿನಕ್ಕೆ ಒಂದೂವರೆ ಲೀಟರಿಗಿಂತ ಕಮ್ಮಿ ಕುಡೀತಿದ್ದ, ಮುಟ್ಟು ನಿಲ್ಲದ 140 ಹೆಂಗಸರನ್ನ ಎರಡು ಗುಂಪು ಮಾಡಿ ಒಂದು ಗುಂಪಿಗೆ ದಿನಾ ಒಂದೂವರೆ ಲೀಟರ್ ಜಾಸ್ತಿ ನೀರು ಕುಡಿಸಿದ್ರು. ವರ್ಷದಲ್ಲಿ ಆ ಗುಂಪಿಗೆ ಸರಾಸರಿ 1.7 ಸಲ ಬಂತು, ಇನ್ನೊಂದು ಗುಂಪಿಗೆ 3.2 ಸಲ. ಮಾತ್ರೆ ಇಲ್ಲ ಮಂತ್ರ ಇಲ್ಲ, ಬರೀ ನೀರಿಗೆ ಹತ್ರ ಹತ್ರ ಅರ್ಧಕ್ಕೆ ಇಳೀತು. ಇದನ್ನ ನಮ್ಮನೆಯವರಿಗೆ ಓದಿ ಹೇಳಿದ ದಿನವೇ ಅವರು ತೋಟದ ಕಣದ ಪಕ್ಕ ಗುಂಡಿ ತೆಗೆಸಿ, ಸುತ್ತ ತಗಡು ಕಟ್ಟಿ, ನೀರಿನ ಡ್ರಮ್ ಇಟ್ಟು ಹೆಂಗಸರಿಗೆ ಅಂತಾನೇ ಒಂದು ಕಕ್ಕಸು ಮಾಡಿಸಕ್ಕೆ ಒಪ್ಪಿದ್ರು. ಮನೆ ಒಳಗೂ ಮಲಗೋ ಕೋಣೆ ಪಕ್ಕ ಒಂದು ಮಾಡಿಸಿದ್ವಿ, ಬ್ಯಾಂಕಿಂದ ಸಾಲ ತಗೊಂಡೇ ಮಾಡಿಸಿದ್ದು. ಕಾಫಿ ತೋಟ ಇರೋರಲ್ಲಿ ಕೈ ಮುಗಿದು ಕೇಳ್ಕೋತೀನಿ, ಕೆಲ್ಸಕ್ಕೆ ಬರೋ ಹೆಂಗಸರಿಗೆ ಒಂದು ಮರೆ ಮಾಡ್ಕೊಡಿ. ತೂಕದಲ್ಲಿ ಒಂದು ಕಿಲೋ ಹೆಚ್ಚುಕಮ್ಮಿ ಆದ್ರೆ ಜಗಳ ಮಾಡ್ತೀವಿ, ಅವರು ದಿನವಿಡೀ ತಡ್ಕೊಂಡಿರೋದು ನಮ್ಮ ಕಣ್ಣಿಗೆ ಬೀಳಲ್ಲ.

ಡಿಸೆಂಬರಲ್ಲಿ ಮತ್ತೊಂದು ಸಲ ಬಂತು, ಬರೀ ಉರಿ, ಜ್ವರ ಇಲ್ಲ. ಈ ಸಲ ಬೆಳಿಗ್ಗೆನೇ ಹೋಗಿ ಅಲ್ಲೇ ಸ್ಯಾಂಪಲ್ ಕೊಟ್ಟೆ. ನೈಟ್ರೋಫ್ಯುರಾಂಟೊಯಿನ್ 100 ಎಂಜಿ, ದಿನಕ್ಕೆ ಎರಡು, ಐದು ದಿನ, ಊಟ ಆದ ಮೇಲೆ. ಇದಕ್ಕೆ ಮೂತ್ರ ಗಾಢ ಹಳದಿ, ಕಂದು ಬಣ್ಣಕ್ಕೆ ತಿರುಗತ್ತೆ, ಗಾಬರಿ ಆಗ್ಬೇಡಿ ಅಂತ ಮೊದಲೇ ಹೇಳಿದ್ರು. ಇನ್ನೊಂದು ಹೇಳಿದ್ರು, ಇದು ಬಹಳ ಜನಕ್ಕೆ ಗೊತ್ತಿಲ್ಲ: ಉರಿಗೆ ಅಂತ ಮೆಡಿಕಲಲ್ಲಿ ಕೊಡೋ ಸಿರಪ್ಪು ಮೂತ್ರದ ಹುಳಿ ಗುಣ ಕಮ್ಮಿ ಮಾಡತ್ತೆ, ಆದ್ರೆ ಈ ಮಾತ್ರೆಗೆ ಆ ಹುಳಿ ಬೇಕು, ಹಾಗಾಗಿ ಎರಡೂ ಒಟ್ಟಿಗೆ ಬೇಡ. ಎರಡನೇ ದಿನಕ್ಕೇ ಉರಿ ಹೋಯ್ತು, ಆದ್ರೂ ಹತ್ತು ಮಾತ್ರೆನೂ ಎಣಿಸಿ ಮುಗಿಸಿದೆ. ಡಬ್ಬೀಲಿ ಏನೂ ಉಳಿಸಿಲ್ಲ.

ಅತ್ತೆಗೆ 74. ನಂದು ನೋಡಿ ಹೆದರಿ ಅವರಿಗೂ ಟೆಸ್ಟ್ ಮಾಡ್ಸಿದೆ, ಕಲ್ಚರಲ್ಲಿ ರೋಗಾಣು ಬಂತು, ಆದ್ರೆ ಅವರಿಗೆ ಉರಿ ಇಲ್ಲ ಜ್ವರ ಇಲ್ಲ ಏನೂ ಇಲ್ಲ. ಡಾಕ್ಟ್ರು ಮಾತ್ರೆ ಕೊಡ್ಲಿಲ್ಲ. ತೊಂದ್ರೆ ಇಲ್ದೆ ರೋಗಾಣು ಇರೋದು ವಯಸ್ಸಾದವರಲ್ಲಿ ಸಾಮಾನ್ಯ, ಅದಕ್ಕೆ ಆ್ಯಂಟಿಬಯಾಟಿಕ್ ಕೊಟ್ರೆ ಒಳ್ಳೇದಾಗಲ್ಲ, ರೋಗಾಣು ಇನ್ನೂ ಗಟ್ಟಿ ಆಗತ್ತೆ ಅಷ್ಟೇ ಅಂದ್ರು. ಗರ್ಭಿಣಿಯರದ್ದು ಮಾತ್ರ ಬೇರೆ, ಅವರಿಗೆ ತೊಂದ್ರೆ ಕಾಣದಿದ್ರೂ ಟೆಸ್ಟ್ ಮಾಡಿ ಔಷಧ ಕೊಡಲೇಬೇಕು, ಇಲ್ಲಾಂದ್ರೆ ಕಿಡ್ನಿಗೆ ಹತ್ತೋ ಅಪಾಯ ಜಾಸ್ತಿ. ನಮ್ಮಕ್ಕ ಕುಶಾಲನಗರದಲ್ಲಿದ್ದಾಳೆ, ಮುಟ್ಟು ನಿಂತು ಆರು ವರ್ಷ, ಅವಳಿಗೂ ಇದೇ ಕಾಟ, ಅವಳಿಗೆ ಅಲ್ಲಿಗೆ ಹಚ್ಚೋ ಈಸ್ಟ್ರೋಜನ್ ಕ್ರೀಮ್ ಕೊಟ್ಟಿದ್ದಾರೆ, ಕಮ್ಮಿ ಆಗಿದೆ. ಕ್ರ್ಯಾನ್‌ಬೆರಿ ಬಗ್ಗೆ ಎಲ್ರೂ ಕೇಳ್ತಾರೆ, ಪದೇ ಪದೇ ಬರೋ ಹೆಂಗಸರಿಗೆ ಬರೋದನ್ನ ಸ್ವಲ್ಪ ತಡೆಯತ್ತೆ ಅಂತ ಇದೆ, ಬಂದ ಮೇಲೆ ಅದರಿಂದ ವಾಸಿ ಆಗಲ್ಲ. ಗಂಡ ಹೆಂಡತಿ ಸೇರಿದ ಮೇಲೆ ಒಂದು ಸಲ ಹೋಗಿಬರೋದು ಒಳ್ಳೇದು ಅಂತಾನೂ ಹೇಳ್ತಾರೆ, ನಷ್ಟ ಏನಿಲ್ಲ. ಒಳಗೆ ಸೋಪು, ಡೆಟಾಲು ಹಾಕಿ ತೊಳೆಯೋದು ಬೇಡವೇ ಬೇಡ, ಅಲ್ಲಿ ಕಾಪಾಡೋ ಒಳ್ಳೇ ಬ್ಯಾಕ್ಟೀರಿಯಾಗಳೇ ಸಾಯ್ತವೆ.

ಈ ವರ್ಷ ಕುಯ್ಲಿನಲ್ಲಿ ನನ್ನ ಸೊಂಟದ ಚೀಲದ ಪಕ್ಕ ಒಂದು ಲೀಟರ್ ಬಾಟ್ಲಿ ನೇತಾಡ್ತಿತ್ತು, ಮಧ್ಯಾಹ್ನಕ್ಕೆ ಖಾಲಿ, ಮತ್ತೆ ತುಂಬ್ಸೋದು. ಮೊದಲ ವಾರ ಹೆಂಗಸರು ಯಾರೂ ಆ ತಗಡಿನ ಕಕ್ಕಸಿಗೆ ಹೋಗ್ಲಿಲ್ಲ, ನಾಚಿಕೆ. ನಾನೇ ಎಲ್ಲರ ಮುಂದೆ ಹೋಗಿ ಬಂದೆ, ದಿನಾ ಮೂರು ಸಲ. ಆಮೇಲೆ ಒಬ್ಬೊಬ್ಬರೇ ಶುರು ಮಾಡಿದ್ರು.

ಫೆಬ್ರವರಿಲಿ ಒಂದು ದಿನ ಲೈನ್ ಮನೆಯಲ್ಲಿ (ತೋಟದ ಕೆಲ್ಸದವರ ಸಾಲು ಮನೆ) ಇರೋ ಒಬ್ಬಳು, ನಮ್ಮಲ್ಲಿ ಎಂಟು ವರ್ಷದಿಂದ ಬರೋಳು, ತೂಕ ಮುಗಿದ ಮೇಲೂ ಹೋಗದೆ ನಿಂತಿದ್ಲು. ಏನು ಅಂದೆ. "ಅಕ್ಕಾ, ನಮ್ಮ ಸೊಸೆಗೆ ಉರಿ ಅಂತೆ, ನಾಲ್ಕು ದಿನ ಆಯ್ತು, ಹೇಳ್ಕೊಳ್ಳಕ್ಕೆ ನಾಚ್ಕೆ ಪಡ್ತಾಳೆ, ನಿಮ್ಮತ್ರ ಆ ಮಾತ್ರೆ ಉಳಿದಿದ್ರೆ ಕೊಡಿ" ಅಂದ್ಲು. ಸೊಸೆಗೆ ಐದು ತಿಂಗಳು. ಮಾತ್ರೆ ಇಲ್ಲ ಕಣೇ, ಇದ್ರೂ ಕೊಡಲ್ಲ ಅಂದೆ. ಮಾರನೇ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಆ ಹುಡುಗೀನ ಕರ್ಕೊಂಡು ಮಡಿಕೇರಿಗೆ ಹೋದೆ. ಆಸ್ಪತ್ರೇಲಿ ಅವಳ ಕೈಗೆ ಡಬ್ಬಿ ಕೊಟ್ರು, ಅವಳು ನನ್ನ ಮುಖ ನೋಡಿದ್ಲು. ನಾನು ಬಾಗಿಲ ಹೊರಗೆ ನಿಂತು ಒಂದೊಂದೇ ಹೇಳಿದೆ: ಕೈ ತೊಳ್ಕೋ, ಮುಚ್ಚಳದ ಒಳಗೆ ಮುಟ್ಬೇಡ, ಮೊದಲಿಂದು ಬಿಡು, ಈಗ ಹಿಡಿ.